ಕೆಂಪು ಅಚ್ಚಿನ ತಾಯಿ-ಮಗು

"ಮುಟ್ಟು, ನೋಡು, ಬೇಕಿದ್ರೆ ಹೊದ್ಕೋ. ಹೊಟ್ಟೆಕಿಚ್ಚಿಟ್ಕೊಂಡು ಇದಕ್ಕೆ ಕತ್ತರಿ ಮಾತ್ರ ಹಾಕ್ಬಾರ್ದು ಕಣಮ್ಮ," ಎಂದರು ಪ್ರಭಾ.

ರೇಖಾ ಕಿಸಕ್ಕನೆ ನಕ್ಕಳು. "ಏನ್ರಿ ಆಂಟಿ, ಅಮೇರಿಕಾಕ್ಕ ಬಂದ್ರೂ ಮಾಟಾ ಮಂತ್ರ ಬಿಡೂದಿಲ್ಲೇನ್ರಿ? ಅದೂ ಫ್ರಾನ್ಸಿನ ಹಳೇ ಚಾದರಕ್ಕ!"

ಹೊದಿಕೆ ಇನ್ನೂರು ವರ್ಷಕ್ಕೂ ಹಳೆಯದು. ತಾಮ್ರದ ತಗಡಿನಲ್ಲಿ ಕೊರೆದ ಚಿತ್ರವನ್ನು ಬಣ್ಣ ಹಿಡಿಯುವ ಲೇಪದಿಂದ ಬಿಳಿ ಹತ್ತಿಬಟ್ಟೆಗೆ ಒತ್ತಿ, ಸಗಣಿನೀರಿನಲ್ಲಿ ತೊಳೆದು, ಮಂಜಿಷ್ಠದ ಬೇರಿನ ಕೆಂಪು ಬಣ್ಣದ ಹಂಡೆಯಲ್ಲಿ ಅದ್ದಿ ತೆಗೆದದ್ದು. ಬಾವಿಕಟ್ಟೆ, ಕುರಿ, ಮಗುವಿನ ಕೈ ಹಿಡಿದು ನಿಂತ ತಾಯಿ. ಅದೇ ಚಿತ್ರ ಅಂಚಿನಿಂದ ಅಂಚಿಗೆ ಮತ್ತೆ ಮತ್ತೆ. ತಗಡು ಕೊರೆದವನ ಹೆಂಡತಿಗೆ ಮಕ್ಕಳಿರಲಿಲ್ಲ. ತಂಗಿಯ ಮಗುವನ್ನು ಕಂಡು ಕುದ್ದು, ಬಣ್ಣದ ಹಂಡೆಯ ಮುಂದೆ ನಿಂತು ಹೊಟ್ಟೆಕಿಚ್ಚಿನಿಂದ ಇದಕ್ಕೆ ಕತ್ತರಿ ಹಾಕಿದವಳಿಗೂ ತನ್ನದೇ ಗತಿಯಾಗಲಿ ಎಂದು ಶಾಪ ಹಾಕಿದ್ದಳೆಂದು, ಲಾಸ್ ಏಂಜಲಿಸ್‌ನಲ್ಲಿ ಪ್ರಭಾ ಅವರಿಗೆ ಇದನ್ನು ಮಾರಿದ ಅಂಗಡಿಯವಳು ಹೇಳಿದ್ದಳಂತೆ.

ರೇಖಾ ಬೆಳಗಾವಿಯಿಂದ ಅಮೇರಿಕಾದ ಮೀರಾ ಮೆಸಾಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಕಾರ್ಲ್ಸ್‌ಬಾಡ್‌ಗೆ ಕೆಲಸಕ್ಕೆ ಹೋದರೆ, ನಾಲ್ಕು ವರ್ಷದ ಮಗಳು ವೈಷ್ಣವಿ ಇಡೀ ದಿನ ಪಕ್ಕದ ಮನೆಯ ಪ್ರಭಾ ಅವರ ಹತ್ತಿರ. ತುತ್ತು ಅವರ ಕೈಯದು, ಜಡೆ ಅವರು ಹೆಣೆದದ್ದು. ಮಧ್ಯಾಹ್ನದ ನಿದ್ದೆ ಆ ಕೆಂಪು ಹೊದಿಕೆಯೊಳಗೆ; ಅದಿಲ್ಲವೆಂದು ರಾತ್ರಿ ಮನೆಯಲ್ಲಿ ರಂಪ. "ಪ್ರಭಾ ಅಜ್ಜಿ ಬೇಕು" ಎಂದು ಮಗು ಅತ್ತಾಗಲೆಲ್ಲ ರೇಖಾಳ ಎದೆಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಹೆತ್ತವಳು ನಾನು, ಮುದ್ದೆಲ್ಲ ಆ ಮುದುಕಿಗೆ!

ಬೆಟ್ಟಗಳಿಗೆ ಬೆಂಕಿ ಬಿದ್ದ ಆ ಅಕ್ಟೋಬರಿನಲ್ಲಿ ಒಂದು ದಿನ ಮಧ್ಯಾಹ್ನವೇ ಹೊಗೆ ಕವಿದು ಕತ್ತಲಾಯಿತು. ಆಫೀಸು ಬೇಗ ಬಿಟ್ಟಿತು. ರೇಖಾ ಮಗಳನ್ನು ಕರೆತರಲು ಹೋದರೆ ಅಲ್ಲಿ ಕರೆಂಟಿಲ್ಲ. ಪ್ರಭಾ ಕೆಳಗೆ ಕಿಟಕಿ ಸಂದಿಗೆ ಒದ್ದೆ ಟವೆಲ್ ತುರುಕುತ್ತಿದ್ದರು. ಮಹಡಿಯ ಕೋಣೆಯಲ್ಲಿ ಮಗಳು ಹೊದಿಕೆಯೊಳಗೆ ಮಲಗಿ "ಅಜ್ಜೀ..." ಎಂದು ಕನವರಿಸಿದಳು.

ಅಷ್ಟೇ ಸಾಕಾಯಿತು. ವಿನಾಶಕಾಲಕ್ಕೆ ವಿಪರೀತ ಬುದ್ಧಿ ಅನ್ನುತ್ತಾರಲ್ಲ, ಹಾಗೆ ಕೋಣೆಯಲ್ಲಿದ್ದ ಹೊಲಿಗೆಪೆಟ್ಟಿಗೆಯ ಕತ್ತರಿ ಅವಳ ಕೈಗೆ ಬಂತು. ಅಂಗೈಯಗಲದ ತುಂಡು ಮನೆಯಲ್ಲಿದ್ದರೆ ಮಗಳು ನನ್ನ ಮಗ್ಗುಲಲ್ಲೇ ಮಲಗುತ್ತಾಳೆ. ಮುದುಕಿಯ ಹೊದಿಕೆಯೂ ಕೆಡಲಿ, ಅವಳ ಹೊಟ್ಟೆಯೂ ಉರಿಯಲಿ!

ಕಚಕ್.

ಹಸಿ ಬಣ್ಣದ ವಾಸನೆ ಭಗ್ಗನೆ ಮೂಗಿಗೆ ಹೊಡೆಯಿತು. ಕೊಳೆತ ಬೇರು. ಸಗಣಿ. ತುಕ್ಕು. ಬಟ್ಟೆಯೊಳಗೆ ಯಾರೋ ಹೆಂಗಸು ಉಸಿರೆಳೆದ ಸದ್ದು. ಬೆರಳಿಗೆ ಏನೋ ಜಿಗುಟು. ಕೆಂಪು. ತುಂಡಿನಲ್ಲಿ ಬಂದದ್ದು ಚಿತ್ರದ ಮಗು ಮಾತ್ರ; ಕತ್ತರಿ ತಾಯಿ-ಮಗುವಿನ ಕೈಗಳ ನಡುವೆಯೇ ಹಾದುಹೋಗಿತ್ತು. ರೇಖಾ ಹೊದಿಕೆ ನೋಡಿದಳು. ಬಾವಿಕಟ್ಟೆ ಇತ್ತು. ಕುರಿ ಇತ್ತು. ತಾಯಿ ಇದ್ದಳು. ಮಗು ಇಲ್ಲ. ಪಕ್ಕದ ಚಿತ್ರದಲ್ಲೂ ಇಲ್ಲ. ಅದರಾಚೆಯದರಲ್ಲೂ ಇಲ್ಲ. ಎಲ್ಲೂ ಇಲ್ಲ.

"ಅಯ್ಯೋ, ಏನ್ ಮಾಡ್ಬಿಟ್ಯೇ ರೇಖಾ!" ಬಾಗಿಲಲ್ಲಿ ನಿಂತ ಪ್ರಭಾ ಅವರ ಕೈಯಿಂದ ಟವೆಲ್ ಜಾರಿಬಿತ್ತು.

ರೇಖಾ ಮಗಳನ್ನು ಬಾಚಿ ಎತ್ತಿಕೊಂಡಳು. "ಏಳವ್ವಾ ವೈಶೂ, ಮನಿಗೆ ಹೋಗೂಣು, ಏಳು!"

ವೈಷ್ಣವಿ ಕಣ್ಣು ಬಿಟ್ಟಳು. ಮೈ ಸೆಟೆದುಕೊಂಡಿತು. ಕೊಸರಿಕೊಂಡು ಇಳಿದು, ಓಡಿಹೋಗಿ ಪ್ರಭಾ ಅವರ ಕಾಲು ತಬ್ಬಿಕೊಂಡಳು. ಅಲ್ಲಿಂದ ಇಣುಕಿ, ನಾಚುತ್ತ, ಮೆಲ್ಲಗೆ ಕೇಳಿದಳು:

"ಆಂಟಿ, ನೀವು ಯಾರ ಅಮ್ಮ?"