ಹಂಚಿಕೆಯ ಫೋಲ್ಡರಿನಲ್ಲೊಂದು ಲಗ್ನಪತ್ರಿಕೆ

2009ರ ಬೇಸಿಗೆ. ಬೈಲಹೊಂಗಲದ ಬಜಾರಿನ ಡಿಟಿಪಿ ಅಂಗಡಿಯಲ್ಲಿ ಮಧು ಬೆಳಗಿನಿಂದ ಹನ್ನೊಂದು ಲಗ್ನಪತ್ರಿಕೆ ಟೈಪ್ ಮಾಡಿದ್ದಳು. ಊರವರ ಮದುವೆಗೆಲ್ಲ ಅಕ್ಷರ ಜೋಡಿಸುತ್ತಲೇ ಅವಳಿಗೆ ಮೂವತ್ತೆರಡು ತುಂಬಿತ್ತು. ಕಣ್ಣು ಉರಿಯುತ್ತಿತ್ತು, ಬೆನ್ನು ಮಾತು ಕೇಳುತ್ತಿರಲಿಲ್ಲ. ನಾಳೆ ಮುನವಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಸಂಜೆಯೊಳಗೆ ಹೂಂ ಅನ್ನಬೇಕೆಂದು ಅವ್ವ ಕೆಂಪವ್ವ ಗಡುವು ಕೊಟ್ಟಿದ್ದಳು. ಹೂಂ ಅಂದರೆ ದಿನಾ ಕೇಳುವ ಕಾಟವಾದರೂ ತಪ್ಪುತ್ತದಲ್ಲ ಅನ್ನುವಷ್ಟು ದಣಿದಿದ್ದಳು ಪಾಪ.

ಬೇಡ ಅನ್ನಲು ಕಾರಣವಿತ್ತು. ಆ ಕಾರಣ ರಾಮದುರ್ಗದಲ್ಲಿ ಪ್ರೆಸ್ ಇಟ್ಟುಕೊಂಡಿತ್ತು, ಹೆಸರು ಕಲ್ಮೇಶ. ಇವಳು ಟೈಪ್ ಮಾಡಿದ್ದನ್ನು ಅವನು ಅಚ್ಚು ಹಾಕುತ್ತಿದ್ದ. ಹೋದ ವರ್ಷ ಕರೆಂಟು ಹೋಗಿ ಬಂದು ಹಾರ್ಡ್ ಡಿಸ್ಕ್ ಸುಟ್ಟು, ನಲವತ್ತು ಪತ್ರಿಕೆ ಮಣ್ಣುಪಾಲಾದಾಗ ಅವನೇ ಬಂದು ಇಂಟರ್ನೆಟ್ಟಿನಲ್ಲಿ ಒಂದು ಫೋಲ್ಡರ್ ಮಾಡಿಕೊಟ್ಟ. ಇವಳು ಅದರಲ್ಲಿ ಇಟ್ಟದ್ದು ಅವನ ಕಂಪ್ಯೂಟರಿನಲ್ಲೂ ಮೂಡುತ್ತಿತ್ತು. ಇಲ್ಲಿ ಮಶೀನು ಕೆಟ್ಟರೂ ಕೆಲಸ ಉಳಿಯುತ್ತಿತ್ತು. ಪಾಸ್‌ವರ್ಡ್ ಹೇಳುವಾಗ ಅವನು ಇವಳನ್ನು ಬಿಟ್ಟು ಮೌಸನ್ನೇ ನೋಡಿದ್ದ. ಕಿವಿ ಮಾತ್ರ ಕೆಂಪಾಗಿತ್ತು.

ಆಮೇಲೆ ದಿನಾ ಫೋನು. “ಬಂತೇನ್ರಿ?” “ಬಂತ್ರಿ.” ಅಷ್ಟೇ. ಇಂಥ ಗುಮ್ಮನಗುಸುಕನನ್ನು ನಂಬಿ ಎಷ್ಟು ದಿನ ಕಾಯುವುದು!

ಹಳೆಯ ಪತ್ರಿಕೆಯ ಮೇಲೆಯೇ ಹೆಸರು ಬದಲಿಸಿ ಹೊಸದು ಮಾಡುವುದು ಅಂಗಡಿಯ ರೂಢಿ. ಹನ್ನೆರಡನೆಯದಕ್ಕೆ ಕುಳಿತವಳು, ಏನಾದರೂ ಆಗಲಿ ಎಂದು ವಧುವಿನ ಜಾಗದಲ್ಲಿ ತನ್ನ ಹೆಸರು ಹಾಕಿದಳು, ವರನ ಜಾಗದಲ್ಲಿ ಅವನದು. ಚಂದ ಕಂಡಿತು. ಅಭ್ಯಾಸಬಲ, ಕೈ ತಾನೇ ಸೇವ್ ಒತ್ತಿತು.

ಚಹಾ ಕುಡಿದು ಬಂದ ಮೇಲೆ ನೆನಪಾಯಿತು. ಅದು ಇಬ್ಬರ ಫೋಲ್ಡರು! ಗಡಬಡಿಸಿ ಅಳಿಸಿದಳು. ಅಷ್ಟರಲ್ಲಿ ಫೋನು ಬಂತು.

“ಮಧು ಅವರ, ಈಗೊಂದು ಪತ್ರಿಕಿ ಬಂದಿತ್ತಲ್ರಿ…”

“ತಪ್ಪಿ ಬಂದೇತ್ರಿ. ಅಳಿಸೇನಿ.”

“ಇಲ್ಲೂ ಹೋತ್ರಿ. ಆದ್ರ ಅದಕ್ಕಿಂತ ಮೊದಲ ನಾ ಪ್ರೂಫ್ ತಗದಿದ್ದೆ.”

ಮಧು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ಅದರಾಗ ಒಂದು ತಿದ್ದೂದೈತ್ರಿ,” ಎಂದ ಕಲ್ಮೇಶ. “ನಮ್ಮಪ್ಪಾರ ಹೆಸರು ಬಿಟ್ಟೀರಿ. ಶಂಕರೆಪ್ಪ ಅಂತ.”

ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. “ಒಂದು ವರ್ಷ ಬಾಯಾಗ ಏನ ಇಟಗೊಂಡಿದ್ರಿ?”

“ಅಂಜಿಕಿ ಇತ್ರಿ. ನೀವು ಒಲ್ಲೆ ಅಂದ್ರ ದಿನಾ ಮಾತಾಡೂದೂ ನಿಂತ ಹೋಗತೇತಿ ಅಂತ.” ಅವನ ದನಿ ಇಳಿಯಿತು. “ಪ್ರೂಫ್ ನಮ್ಮವ್ವಗ ತೋರಿಸೇನಿ. ಸೀರಿ ಉಟ್ಟ ನಿಂತಾಳ. ಬರೂದೋ ಬ್ಯಾಡೋ, ಹೇಳ್ರಿ.”

ಮಧು ಕುರ್ಚಿಗೆ ಒರಗಿದಳು. ವರ್ಷಗಳ ದಣಿವೆಲ್ಲ ಒಮ್ಮೆಲೇ ಕಣ್ಣಿಗೆ ಬಂತು.

“ಕರಕೊಂಡ ಬರ್ರಿ. ಕಾದು ಕಾದು ಭಾಳ ದಣದೇನ್ರಿ ನಾ. ಇವತ್ತ ಬರ್ರಿ.”

ಫೋನಿಟ್ಟು, ಮತ್ತೆ ಮನೆಗೆ ಫೋನು ಹಚ್ಚಿದಳು. “ಅವ್ವಾ, ಮುನವಳ್ಳಿಯವರಿಗೆ ಬರಬ್ಯಾಡ್ರಿ ಅಂತ ಹೇಳಿಬಿಡು,” ಎಂದಳು. “ಯಾಕಂತ ಮನಿಗೆ ಬಂದ ಹೇಳತೇನಿ.”