ನಾನೂರ ಅರವತ್ತು

ಕೋಮಲ ಅವನ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಎಡಗಣ್ಣಿನ ಪಕ್ಕ ಒಂದು. ಹಣೆಯ ಮೇಲೆ, ಕೂದಲು ಶುರುವಾಗುವಲ್ಲಿ, ಎರಡು. ಕಿವಿಯ ಹಿಂದೆ ಇನ್ನೊಂದು, ಜೋಳದ ಕಾಳಿನಷ್ಟು ಕುಳಿ.

"ಏನ್ ಹುಡುಕಾಕತ್ತೀ ಡಾಕ್ಟರ್ರ?" ಸುನೀಲಕುಮಾರ ಅಲುಗಾಡದೆ ಕೇಳಿದ. ಕಣ್ಣು ಮಾತ್ರ ನಗುತ್ತಿದ್ದವು. "ಮುಖ ಅದ ಐತಿ, ಬದಲಿ ಮಾಡಿಸಿಲ್ಲ."

"ಸುಮ್ಮ ನಿಂದ್ರು. ಎಣಿಸಾಕತ್ತೇನಿ."

"ಎಣಿಸು. ಒಂದೊಂದಕ್ಕ ಒಂದೊಂದ ಮುತ್ತ ಕೊಡೂದಿದ್ರ ಬೆನ್ನ ಮ್ಯಾಲೂ ಅದಾವ."

ಪರದೆಯ ಆಚೆ ಶಬಾನಾ ಕೆಮ್ಮಿದಳು. ಸಿಂದಗಿ ಬಸ್ ಸ್ಟ್ಯಾಂಡಿನ ಎದುರಿನ ಆ ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಸುನೀಲನದು, ರಶೀದಿ ಬರೆಯುವುದು ಅವಳದು. ಮಧ್ಯಾಹ್ನದ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. "ನಾ ಇಲ್ಲೇ ಅದೇನ್ರೆಪಾ. ನನಗ ಕಿವಿ ಕೇಳಸ್ತಾವ."

"ಅಕ್ಕಾ, ನೀವ್ ಉಣ್ರಿ."

"ಉಣ್ಣಾಕತ್ತೇನಿ. ನೀವೂ ಮಾತಾಡ್ರಿ, ರೊಟ್ಟಿಗೆ ಪಲ್ಯ ಆಗ್ತೈತಿ."

ಬೇರೆ ದಿನವಾಗಿದ್ದರೆ ಕೋಮಲ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಇಂದು ಅವಳ ಕೈ ಅವನ ಗದ್ದದಿಂದ ಮೆಲ್ಲಗೆ ಕೆಳಗಿಳಿಯಿತು.

"ಸುನೀಲ, ಈ ಕಲಿ ಯಾವಾಗಿನವು?"

"ಎಷ್ಟ ಸರ್ತಿ ಹೇಳೇನಿ ನಿನಗ. ಸಾಲಿಗೆ ಹಾಕಿದ ವರ್ಷ ಮೈಮ್ಯಾಲ ಅಮ್ಮ ಬಂದಿದ್ಳು. ಬೇವಿನ ತಪ್ಪಲದ ಮ್ಯಾಲ ಮಲಗಿಸಿದ್ರು. ಕೆರಕೊಂಡ್ರ ಕೈ ಕಟ್ತೀನಿ ಅಂತ ನಮ್ಮವ್ವ ಬಡಿಗಿ ಹಿಡಕೊಂಡ ಕುಂತಿದ್ಳು."

"ನನಗ ಬಂದಿಲ್ಲ," ಅಂದಳು ಕೋಮಲ.

ಅವನ ಕಣ್ಣಿನ ನಗು ಅಲ್ಲಿಯೇ ಉಳಿಯಿತು, ಆದರೆ ಅದರ ಹಿಂದಿನಿಂದ ಯಾರೋ ಎದ್ದು ಹೋದಂತಾಯಿತು.

ಅವಳು ಚೀಲದಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

ವಿಜಯಪುರದ ಕಾಲೇಜಿನಲ್ಲಿ ಅವಳದು ಡಾಕ್ಟರಿ ಓದಿನ ಕೊನೆಯ ವರ್ಷ. ಪುಣೆಯ ದೊಡ್ಡದೊಂದು ಆಸ್ಪತ್ರೆಯ ಲಿವರ್ ವಾರ್ಡಿನಲ್ಲಿ ನಾಲ್ಕು ವಾರ ಇದ್ದು ಕಲಿಯಲು ಕಾಲೇಜಿನಿಂದ ಒಬ್ಬರಿಗೇ ಅವಕಾಶ; ಆ ಒಬ್ಬಳು ಕೋಮಲ. ಹೊರಗಿನ ವಿದ್ಯಾರ್ಥಿ ಅಲ್ಲಿ ಕಾಲಿಡಬೇಕಾದರೆ ಲಸಿಕೆಯ ದಾಖಲೆ ಬೇಕು. ಬಾಲ್ಯದ ಲಸಿಕೆಗಳನ್ನು ಬರೆದಿಟ್ಟಿದ್ದ ಅವಳ ತಾಯಿ ಕಾರ್ಡು ಎಂದೋ ಗೆದ್ದಲಿನ ಪಾಲಾಗಿತ್ತು. ಕಾರ್ಡು ಇಲ್ಲದಿದ್ದರೆ ರಕ್ತವೇ ಸಾಕ್ಷಿ ಹೇಳಬೇಕು ಎಂದರು ಪುಣೆಯವರು: ದಡಾರ, ಸೀತಾಳೆ ಸಿಡುಬು, ಹೆಪಟೈಟಿಸ್ ಬಿ, ಮೂರಕ್ಕೂ ಮೈಯಲ್ಲಿ ತಡೆಯುವ ಶಕ್ತಿ ಇದೆಯೇ ಎಂದು.

ಎರಡು ತಿಂಗಳ ಹಿಂದೆ ಇದೇ ಸ್ಟೂಲಿನ ಮೇಲೆ ಕೂತು ತೋಳು ಚಾಚಿದ್ದಳು. ಇನ್ನಾರ ಹತ್ತಿರ ಹೋಗುತ್ತಿದ್ದಳು? ಬಸವನ ಬಾಗೇವಾಡಿಯ ರಕ್ತದಾನ ಶಿಬಿರದಲ್ಲಿ ಮೂವರು ಚುಚ್ಚಿ ಸೋತ ಮೇಲೆ ಒಂದೇ ಸಲಕ್ಕೆ ಅವಳ ನರ ಹಿಡಿದವನು ಸುನೀಲ. "ನಿಮ್ಮ ನರ ನಾಚ್ಕೋತಾವ್ರೀ, ಮಾತಾಡಿಸಬೇಕ್ರಿ," ಅಂದಿದ್ದ. ಅವಳು ಆ ಮಾತನ್ನು ವಿಜಯಪುರದವರೆಗೆ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಒಯ್ದಿದ್ದಳು. ಒಂದು ವರ್ಷವಾಗಿತ್ತು ಅದಕ್ಕೆ.

ಮೂರು ದಿನದಲ್ಲಿ ಅವನು ವರದಿ ಕೊಟ್ಟಿದ್ದ. ಹೆಪಟೈಟಿಸ್ ಬಿ: ನಾನೂರ ಅರವತ್ತು. ರಕ್ಷಣೆಗೆ ಹತ್ತು ಇದ್ದರೆ ಸಾಕು. ಸೀತಾಳೆ ಸಿಡುಬು: ಹಿಂದೆ ಬಂದುಹೋಗಿದೆ.

ಆ ಕೊನೆಯ ಸಾಲು ನೋಡಿ ಪುಣೆಯ ಆಫೀಸಿನವರು ಮೊನ್ನೆ ಮೇಲ್ ಕಳಿಸಿದ್ದರು; ಮೇಜಿನ ಮೇಲಿನ ಎರಡನೆಯ ಹಾಳೆ ಅದು. ಯಾವ ವಯಸ್ಸಿನಲ್ಲಿ ಬಂದಿತ್ತು? ಹಿರಿಯರನ್ನು ಕೇಳಿ ಬರೆಯಿರಿ.

ಭಾನುವಾರ ಹಲಸಂಗಿಗೆ ಹೋಗಿ ಅಜ್ಜಿಯನ್ನು ಕೇಳಿದಳು. ಯಲ್ಲವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಹಚ್ಚುತ್ತಲೇ ಹೇಳಿದಳು. "ನಿನಗೆಲ್ಲಿ ಬಂದಿತ್ತ? ಓಣಿ ತುಂಬ ಮನಿ ಮನಿಗೂ ಬೇವಿನ ಟೊಂಗಿ ಕಟ್ಟಿದ್ರು. ನಿನ್ನ ಬಗಲಾಗ ಇಟಗೊಂಡು ಮೋರಟಗಿಗೆ ಓಡಿ ಹೋದ್ನೆಲ್ಲ, ನಮ್ಮ ಅಕ್ಕನ ಮನಿಗೆ. ಎರಡ ತಿಂಗಳ ಇದ್ವಿ. ನಿನ್ನ ಮೈಮ್ಯಾಲ ಒಂದ ಗುಳ್ಳಿ ಎದ್ದಿದ್ರ ಹೇಳವಾ, ನನ್ನ ಹೆಸರ ಬದಲಿ ಇಡು."

ಗುರುತು ಕಾಣದಂತೆ ಬಂದು ಹೋಗುವುದೂ ಉಂಟು. ಪುಸ್ತಕದಲ್ಲಿ ಹಾಗೆ ಬರೆದಿದೆ. ಸಿಂದಗಿಯ ಬಸ್ಸಿನಲ್ಲಿ ಕೋಮಲ ಆ ಒಂದು ವಾಕ್ಯವನ್ನು ಕಂಬಿಯಂತೆ ಬಿಗಿಯಾಗಿ ಹಿಡಿದು ನಿಂತಿದ್ದಳು. ಆದರೆ ಅವಳ ಬೆರಳುಗಳಿಗೆ ಬೇರೆ ನೆನಪಿತ್ತು. ಆ ರೋಗ ಯಾರ ಮುಖದ ಮೇಲೆ ಬಂದು ಹೋಗಿದೆ ಎಂಬುದು ಬೆರಳಿಗೆ ಚೆನ್ನಾಗಿ ಗೊತ್ತಿತ್ತು.

"ಇದು ನಿನ್ನ ರಕ್ತ," ಅಂದಳು, ವರದಿಯ ಮೇಲೆ ಬೆರಳಿಟ್ಟು.

ಅವನು ಹಾಳೆ ನೋಡಲಿಲ್ಲ.

"ಹೇಳು ಸುನೀಲ. ನನ್ನ ಹೆಸರಿನ ಬಾಟ್ಲಿಯಾಗ ನಿನ್ನ ರಕ್ತ ಹಾಕೀದಿ."

"ಹಾಕೇನಿ." ಅವನ ದನಿಯಲ್ಲಿ ನಾಚಿಕೆಗಿಂತ ಬೇರೆ ಏನೋ ಇತ್ತು, ಹಬ್ಬಕ್ಕೆ ಸೀರೆ ತಂದು ಬಚ್ಚಿಟ್ಟವನು ಸಿಕ್ಕಿಬಿದ್ದಂತೆ. "ನಿಂದು ಮೂರ ಬಂದಿತ್ತು, ಕೋಮಲ. ಬರೇ ಮೂರು. ಎರಡ ಸರ್ತಿ ನೋಡಿದ್ನಿ. ಕಾಲೇಜ್ನ್ಯಾಗ ಮೂರೂ ಡೋಸ್ ಹಾಕಿಸ್ಕೊಂಡಿ, ಮೈಗೆ ಹತ್ತಿಲ್ಲ. ಕಾಗದ ಕಳಿಸೂ ಕಡೀ ದಿನಕ್ಕ ಎಂಟ ದಿನ ಇತ್ತು. ನೀ ಪುಣೆ ಪುಣೆ ಅಂತ ಕುಣ್ಯಾಕತ್ತಿದ್ದಿ. ಹೆಂಗ ಹೇಳ್ಲಿ ನಾ? ನಾನ ಸೂಜಿ ಚುಚಗೊಂಡೆ. ನನ್ನ ರಕ್ತ ನಿನ್ನ ಹೆಸರ ಹಚಗೊಂಡು ಪುಣೆ ನೋಡಿ ಬರ್ಲಿ ಅಂದ್ನಿ."

ಒಂದು ಕ್ಷಣ, ಒಂದೇ ಕ್ಷಣ, ಆ ಮಾತು ಅವಳಿಗೆ ಚೆಂದ ಕಂಡಿತು. ಅದು ಚೆಂದ ಕಂಡದ್ದೇ ಆಮೇಲೆ ಅವಳಿಗೆ ಹೆಚ್ಚು ಉರಿಯಿತು.

"ನನಗ ಸೂಜಿ ಚುಚ್ಚಿತ್ತು," ಅಂದಳು.

ಅವನು ತಲೆ ತಗ್ಗಿಸಿದ.

ಐದು ವಾರದ ಹಿಂದಿನ ಮಾತು. ವಾರ್ಡಿನಲ್ಲಿ ನಿಡಗುಂದಿಯ ಮುದುಕರೊಬ್ಬರ ರಕ್ತ ತೆಗೆಯುವಾಗ ಅವರು ಕೈ ಕೊಸರಿದರು, ಸೂಜಿ ಅವಳ ಹೆಬ್ಬೆರಳಿಗೆ ಹೊಕ್ಕಿತು. ಮುದುಕರಿಗೆ ಹೆಪಟೈಟಿಸ್ ಬಿ ಇತ್ತು. ಡ್ಯೂಟಿ ಡಾಕ್ಟರು ರಕ್ಷಣೆಯ ಇಂಜೆಕ್ಷನ್ ಬರೆಯಲು ಪೆನ್ನು ತೆಗೆದವರು, "ನಿಂದು ಎಷ್ಟ ಐತಿ?" ಎಂದರು. "ನಾಕನೂರಾ ಅರವತ್ತ್ರಿ ಸರ್." ಅವರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. "ಹಂಗಾದ್ರ ಏನೂ ಬ್ಯಾಡ ತಗಿ."

ಆಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಸುನೀಲನಿಗೆ ಫೋನ್ ಮಾಡಿದ್ದಳು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಏನೂ ಆಗಂಗಿಲ್ಲ. ರಿಪೋರ್ಟ್ ಐತೆಲ್ಲ. ಚಾ ಕುಡಿ, ಹೋಗು," ಅಂದಿದ್ದ.

ಆ ಮೌನ ಅವಳಿಗೆ ಇಷ್ಟವಾಗಿತ್ತು. ನನಗೆ ಒಂದು ಸೂಜಿ ತಗುಲಿದರೆ ಈ ಬಾಯಿಬಡುಕನ ಮಾತೇ ನಿಂತು ಹೋಗುತ್ತದಲ್ಲ ಎಂದು ಐದು ವಾರ ಅದನ್ನು ಎದೆಯಲ್ಲಿಟ್ಟು ಮುದ್ದು ಮಾಡಿದ್ದಳು.

"ಅವತ್ತ ಫೋನಿನಾಗ ಸುಮ್ಮನಾದೆಲ್ಲ, ಏನ್ ವಿಚಾರ ಮಾಡಿದಿ?"

"ಹೇಳಬೇಕಂತ ಬಾಯಿ ತನಕ ಬಂದಿತ್ತ."

"ಒಂದಿನದಾಗ ತಗೊಂಡಿದ್ರ ಇಂಜೆಕ್ಷನ್ ಕೆಲಸ ಮಾಡ್ತಿತ್ತು. ನಿನಗ ಗೊತ್ತಿತ್ತು. ಲ್ಯಾಬಿನಾಂವ ನೀ."

"ಗೊತ್ತಿತ್ತು. ಆದ್ರ ಹೇಳಿದ್ರ ಎಲ್ಲಾ ಹೊರಗ ಬರ್ತಿತ್ತು. ನಿನ್ನ ಸೀಟ ಹೋಗ್ತಿತ್ತು, ನನ್ನ ಕೆಲಸಾನೂ..." ಅವನು ಅಲ್ಲಿಗೆ ನಿಲ್ಲಿಸಿದ. ನಿಲ್ಲಿಸಿದ್ದು ಒಂದು ಮಾತಿನಷ್ಟು ತಡವಾಗಿತ್ತು.

ಪರದೆಯ ಆಚೆ ಬುತ್ತಿಯ ಸದ್ದು ನಿಂತಿತ್ತು.

"ಮೂರ ಬಂತು ಅಂತ ನನಗ ಹೇಳಿದ್ರ," ಕೋಮಲ ಅಂದಳು, "ನಾ ಅತ್ತ ಕರದ ಮತ್ತೊಂದ ಡೋಸ್ ಹಾಕಿಸ್ಕೋತಿದ್ದೆ. ಪುಣೆ ಮುಂದಿನ ವರ್ಷ ನೋಡ್ತಿದ್ದೆ. ನನ್ನ ಮೈಯಾಗ ಏನ ಐತಿ ಅಂತ ನಿನಗ ಗೊತ್ತು, ನನಗ ಗೊತ್ತಿಲ್ಲ. ಎರಡ ತಿಂಗಳ ನನ್ನ ಕೈ ಹಿಡಕೊಂಡ ಅಡ್ಡಾಡೀದಿ."

"ಏನೂ ಆಗಿರಂಗಿಲ್ಲ ಕೋಮಲ. ನೂರ ಮಂದಿಗೆ ಚುಚ್ಚಿದ್ರ ಎಲ್ಲಾರಿಗೂ ಬರಂಗಿಲ್ಲ."

"ನನ್ನ ಖರೇ ರಿಪೋರ್ಟ್ ಎಲ್ಲೈತಿ?"

ಅವನು ಮೇಜಿನ ಖಾನೆ ಎಳೆದು, ಹಳೆಯ ಕ್ಯಾಲೆಂಡರಿನ ಅಡಿಯಿಂದ ನಾಲ್ಕು ಮಡಿಕೆಯ ಹಾಳೆ ತೆಗೆದ. ಹರಿದುಹಾಕಲು ಅವನಿಗೆ ಮನಸ್ಸಾಗಿರಲಿಲ್ಲವಂತೆ. ಅದರ ಮೇಲೆ ಅವಳ ಹೆಸರಿತ್ತಲ್ಲ ಎಂದ. ಅವಳು ಓದಿದಳು. ಮೂರು. ಸೀತಾಳೆ ಸಿಡುಬು: ಬಂದಿಲ್ಲ. ಯಲ್ಲವ್ವ ಹೆಸರು ಬದಲಿಸಿಕೊಳ್ಳಬೇಕಾಗಿರಲಿಲ್ಲ.

ಹೆಬ್ಬೆರಳನ್ನು ನೋಡಿಕೊಂಡಳು. ಸೂಜಿಯ ಗುರುತು ಕೂಡ ಉಳಿದಿರಲಿಲ್ಲ.

"ಎಲ್ಲಿ ಹೊಂಟಿ?" ಅವಳು ಹಾಳೆ ಚೀಲಕ್ಕೆ ಹಾಕಿದ್ದನ್ನು ಕಂಡು ಅವನು ಗಾಬರಿಯಾದ.

"ವಿಜಯಪುರಕ್ಕ. ನನ್ನ ರಕ್ತ ತೋರಸ್ತೇನಿ. ಪುಣೆಯವ್ರಿಗೆ ಆ ಕಾಗದ ಸುಳ್ಳ ಐತ್ರಿ ಅಂತ ಬರೀತೇನಿ."

"ಸೀಟ ಹೋಗ್ತೈತಿ!"

"ಹೋಗ್ಲಿ."

ಅವನು ಪರದೆಗೆ ಅಡ್ಡ ನಿಂತ. ಮೈ ಮುಟ್ಟುವ ಧೈರ್ಯವಾಗದೆ ಅವಳ ಚೀಲದ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದ. ಕಣ್ಣು ತುಂಬಿದ್ದವು, ಮತ್ತು ಅವು ಸುಳ್ಳು ಕಣ್ಣೀರಲ್ಲ ಎಂಬುದು ಅವಳಿಗೆ ಗೊತ್ತಾಯಿತು. ಅಷ್ಟು ಗೊತ್ತಾಗದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಕೇಳಿಲ್ಲಿ. ಯಾರಿಗೂ ಗೊತ್ತಿಲ್ಲ ಇನ್ನಾ. ಸಿಡುಬು ಆರನೇ ವರ್ಷಕ್ಕ ಬಂದಿತ್ತಂತ ಬರಿ, ಪುಣೆಗೆ ಹೋಗಿ ಬಾ. ನಾ ನಾಳೆನ ನಿಮ್ಮ ಮನಿಗೆ ಬಂದು ನಿಮ್ಮಪ್ಪಾರ ಮುಂದ ಕುಂತು ಕೇಳ್ತೇನಿ. ನಿನ್ನ ರಕ್ತದಾಗ ಏನ ಬಂದ್ರೂ ಬರ್ಲಿ ಕೋಮಲ, ಜಡ್ಡ ಇರ್ಲಿ, ಇರದ ಇರ್ಲಿ, ನಾ ನಿನ್ನ ಮದುವಿ ಆಗ್ತೇನಿ. ಯಾರು ಬಿಟ್ರೂ ನಾ ಬಿಡಂಗಿಲ್ಲ."

ಅವಳು ಅವನ ಎರಡು ಬೆರಳುಗಳನ್ನು ಪಟ್ಟಿಯಿಂದ ಒಂದೊಂದಾಗಿ ಬಿಡಿಸಿದಳು.

"ಒಲ್ಲೆ," ಅಂದಳು.