ಈ ಬೀದಿಯ ಮಕ್ಕಳಿಗೆ ಮಾತ್ರ

"ಟ್ರಿಕ್ ಆರ್ ಟ್ರೀಟ್!"

ವೇಷ ಹಾಕಿದ ಮೂವರು ಮಕ್ಕಳೂ ಚೀಲ ಚಾಚಿ ಒಟ್ಟಿಗೆ ಕೂಗಿದರು. ಬಾಗಿಲು ತೆರೆದ ಬಿಳಿಗೂದಲಿನ ಹೆಂಗಸು ಈಶಾಳನ್ನು ನೋಡಿ ನಕ್ಕರು. ಈಶಾ ಮಾಟಗಾತಿಯ ಚೂಪು ಟೋಪಿ ಹಾಕಿದ್ದಳು. ಅವರ ನೋಟ ಪಕ್ಕದ ಶಿವಾನಿಯತ್ತ ಹೊರಳುವಷ್ಟರಲ್ಲಿ ಆ ನಗು ಸ್ವಲ್ಪ ಸಣ್ಣದಾಯಿತು.

"ನೀನು ಎಲ್ಲಿರೋದು ಪುಟ್ಟಾ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

ಶಿವಾನಿ ಪೈರೇಟ್, ಅಂದರೆ ಕಡಲ್ಗಳ್ಳಿ, ಆಗಿದ್ದಳು. ಒಂದು ಕಣ್ಣಿಗೆ ಕಪ್ಪು ಪಟ್ಟಿ, ತಲೆಗೆ ಮಮ್ಮಿಯ ಕೆಂಪು ಸ್ಕಾರ್ಫು. ಚಳಿಗೆ ಮೇಲೊಂದು ದಪ್ಪ ಜಾಕೆಟ್ ಹಾಕಿದ್ದರಿಂದ ಅರ್ಧ ಪೈರೇಟ್ ಮಾತ್ರ ಕಾಣುತ್ತಿತ್ತು. ಅವಳು ಉತ್ತರ ಹೇಳಲು ಬಾಯಿ ತೆರೆಯುವ ಮೊದಲೇ ಈಶಾ ಅವಳ ಕೈ ಜಿಗುಟಿದಳು.

"ಶೀ ಈಸ್ ಮೈ ಕಸಿನ್! ಇವಳೂ ಇವಳ ತಮ್ಮನೂ ನಮ್ಮ ಮನೆಯಲ್ಲೇ ಇದ್ದಾರೆ" ಎಂದಳು ಈಶಾ.

"ಓ, ಹಾಗಾದರೆ ಸರಿ!" ಹೆಂಗಸಿನ ನಗು ಮತ್ತೆ ದೊಡ್ಡದಾಯಿತು. ಮೂರು ಚೀಲಗಳಿಗೂ ಒಂದೊಂದು ಚಾಕೊಲೇಟ್ ಬಿತ್ತು. ಪುಟಾಣಿ ಸೈಜಿನದಲ್ಲ, ಅಂಗಡಿಯಲ್ಲಿ ಸಿಗುವ ದೊಡ್ಡ ಬಾರು.

"ಫುಲ್ ಸೈಜ್!" ಎಂದು ಬಸವೇಶ ಕುಣಿದ. ಅವನು ಶಿವಾನಿಯ ತಮ್ಮ, ಒಂದನೇ ಗ್ರೇಡು. ರಟ್ಟಿನ ಡಬ್ಬಕ್ಕೆ ಹಸಿರು, ಬಿಳಿ ಬಣ್ಣ ಬಳಿದು ಅಕ್ಕ ಅವನನ್ನು ರೈಲು ಮಾಡಿದ್ದಳು. ಕುಣಿದಾಗ ರೈಲಿನ ಒಂದು ಚಕ್ರ ಕಳಚಿ ಮೆಟ್ಟಿಲ ಮೇಲೆ ಬಿತ್ತು.

ಫುಟ್‌ಪಾತಿಗೆ ಬಂದ ಮೇಲೆ ಶಿವಾನಿ ನಿಂತುಬಿಟ್ಟಳು.

"ಕಸಿನ್ ಅಂತ ಯಾಕ ಹೇಳಿದಿ?"

"ಜಸ್ಟ್ ಬಾರೇ" ಎಂದಳು ಈಶಾ. "ಇನ್ನೂ ತುಂಬಾ ಮನೆ ಇದೆ."

"ಮೊದ್ಲು ಹೇಳು."

ಈಶಾ ಟೋಪಿ ಸರಿಮಾಡಿಕೊಂಡಳು. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಹಾಗಾಗಿ ಸಿಕ್ಕಿಬಿದ್ದಾಗ ಏನು ಮಾಡಬೇಕೆಂದೂ ಗೊತ್ತಿರಲಿಲ್ಲ.

"ಈ ವರ್ಷ ಒಂದು ರೂಲ್ ಇದೆ, ಓಕೆ? ಹೋದ ಸಲ ಎಲ್ಲೆಲ್ಲಿಂದಲೋ ವ್ಯಾನಲ್ಲಿ ತುಂಬಾ ಜನ ಬಂದ್ರು. ಕ್ಯಾಂಡಿ ಎಲ್ಲಾ ಬೇಗ ಮುಗಿದುಹೋಯ್ತು. ಸೋ, ಈ ಸಲ ನಮ್ಮ ಸ್ಟ್ರೀಟ್ ಕಿಡ್ಸ್‌ಗೆ ಮಾತ್ರ. ಗೊತ್ತಿಲ್ಲದವರು ಬಂದ್ರೆ ಎಲ್ಲಿಂದ ಅಂತ ಕೇಳ್ತಾರೆ."

"ನೀ ನಂಗ ಹೇಳಲೇ ಇಲ್ಲ."

"ಹೇಳಿದ್ರೆ ನೀನು ಬರ್ತಾ ಇರಲಿಲ್ಲ!"

ಅದು ನಿಜ. ಈಶಾ ಮತ್ತು ಶಿವಾನಿ ಒಂದೇ ಕ್ಲಾಸು, ಒಂದೇ ಬೆಂಚು. ಆದರೆ ಈಶಾಳ ಮನೆ ಓಕ್‌ವಿಲ್‌ನಲ್ಲಿ ಲೇಕ್ ಹತ್ತಿರದ ಈ ಬೀದಿಯಲ್ಲಿ. ಇಲ್ಲಿ ಒಂದೊಂದು ಮನೆಯ ಮುಂದೆಯೂ ದೊಡ್ಡ ಮೇಪಲ್ ಮರ, ಮರಕ್ಕೆ ನೇತುಹಾಕಿದ ಬಿಳಿ ದೆವ್ವಗಳು. ಶಿವಾನಿಯ ಮನೆ ರೈಲು ಹಳಿಯ ಆಚೆ, ಏಳು ಮಹಡಿಯ ಕಂದು ಬಿಲ್ಡಿಂಗಿನಲ್ಲಿ. ಅಲ್ಲಿ ಬಾಗಿಲು ತಟ್ಟಿಕೊಂಡು ತಿರುಗಲು ಬಿಲ್ಡಿಂಗ್ ನೋಡಿಕೊಳ್ಳುವ ಸೂಪರಿಂಟೆಂಡೆಂಟ್ ಬಿಡುವುದಿಲ್ಲ. ಅದಕ್ಕೇ ವೇಷ ಹಾಕಿ ಮನೆಮನೆಗೆ ಹೋಗಿ ಸಿಹಿ ಕೇಳುವ ಹ್ಯಾಲೊವೀನಿಗೆ ಈಶಾ ಕರೆದಾಗ ಶಿವಾನಿ ಬಂದಿದ್ದು. ಪಪ್ಪ ಶಿಫ್ಟಿಗೆ ಹೋಗುವ ದಾರಿಯಲ್ಲಿ ಇಬ್ಬರನ್ನೂ ಇಳಿಸಿ ಹೋಗಿದ್ದ. ಕೆಲಸ ಮುಗಿಸಿ ಮಮ್ಮಿ ಕರೆದುಕೊಂಡು ಹೋಗಲು ಬರುವವಳಿದ್ದಳು.

"ಅಕ್ಕಾ, ಬಾ ನಾ, ಚಳಿ ಆಗ್ಲಿಕತ್ತದ" ಎಂದು ಬಸವೇಶ ಅವಳ ಜಾಕೆಟ್ ಎಳೆದ.

ಮುಂದಿನ ಮನೆಯಲ್ಲಿ ಅಸ್ಥಿಪಂಜರದ ಟೀ ಶರ್ಟು ಹಾಕಿದ ಗಂಡಸು ಬಾಗಿಲು ತೆರೆದ. ಈಶಾಳನ್ನು ನೋಡಿ ಹೆದರಿದಂತೆ ನಟಿಸಿದ. ಎಲ್ಲರೂ ನಕ್ಕರು. ಆಮೇಲೆ ಅವನೂ ಅದನ್ನೇ ಕೇಳಿದ.

"ನೀವಿಬ್ಬರು? ಈ ಬೀದಿಯವರೇನಾ?"

"ದೇ ಆರ್ ಮೈ..." ಎಂದು ಈಶಾ ಶುರುಮಾಡಿದಳು.

"ಅಲ್ಲ" ಎಂದಳು ಶಿವಾನಿ. ಅವಳ ದನಿ ಅವಳಿಗೇ ತುಂಬಾ ದೊಡ್ಡದಾಗಿ ಕೇಳಿಸಿತು. "ನಾವು ಟ್ರ್ಯಾಕ್ ಆಚೆ ಕಡೆ ಬಿಲ್ಡಿಂಗಿನವರು. ನಾನು ಇವಳ ಕಸಿನ್ ಅಲ್ಲ, ಫ್ರೆಂಡ್."

ಅಸ್ಥಿಪಂಜರದ ನಗು ನಿಂತುಹೋಯಿತು. ಅವನು ಕೈಯಲ್ಲಿದ್ದ ಬುಟ್ಟಿಯನ್ನೂ ಬಸವೇಶನ ರೈಲನ್ನೂ ನೋಡಿದ.

"ಸಾರಿ ಮಕ್ಕಳೇ" ಎಂದ. "ನಿಮಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತೆ. ಬೀದಿಯವರೆಲ್ಲ ಸೇರಿ ಒಪ್ಪಿಕೊಂಡಿದ್ದೇವೆ."

ಈಶಾಳ ಚೀಲಕ್ಕೆ ಮಾತ್ರ ಚಾಕೊಲೇಟ್ ಬಿತ್ತು. ಬಸವೇಶ ಚೀಲವಾಗಿ ತಂದಿದ್ದ ದಿಂಬಿನ ಕವರನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದುಕೊಂಡೇ ಇದ್ದ. ಬಾಗಿಲು ಮುಚ್ಚಿದ ಮೇಲೂ ಹಿಡಿದುಕೊಂಡಿದ್ದ.

"ನಂಗ ಕೊಡಲಿಲ್ಲ" ಎಂದ. ಆಮೇಲೆ ಅವನ ತುಟಿ ನಡುಗಿತು. "ಕಸಿನ್ ಅಂತ ಹೇಳಿದ್ರ ಏನಾಗ್ತಿತ್ತು ಅಕ್ಕಾ? ಹೂ ಕೇರ್ಸ್!"

ಶಿವಾನಿಗೆ ಡಬ್ಬದೊಳಗೆ ನಿಂತ ತಮ್ಮನನ್ನು ತಬ್ಬಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ.

"ಸೀ?" ಎಂದಳು ಈಶಾ. ಅವಳಿಗೂ ಅಳು ಬರುವ ಹಾಗಿತ್ತು. "ನಾನು ಹೆಲ್ಪ್ ಮಾಡ್ತಾ ಇದ್ದೆ. ನೀನು ಎಲ್ಲಾ ಹಾಳು ಮಾಡಿದೆ."

"ಈ ರೂಲ್ ಯಾರು ಮಾಡಿದ್ದು?"

ಈಶಾ ತನ್ನ ಶೂ ನೋಡಿಕೊಂಡಳು.

"ಈಶಾ, ಯಾರು?"

"ತಾತ" ಎಂದಳು ಈಶಾ ಮೆಲ್ಲಗೆ. "ತಾತ ಇಲ್ಲಿನ ಸ್ಟ್ರೀಟ್ ಅಸೋಸಿಯೇಷನ್ ಪ್ರೆಸಿಡೆಂಟು."

ಶಿವಾನಿ ಒಂದು ಕೈಯಲ್ಲಿ ತಮ್ಮನನ್ನು ಹಿಡಿದುಕೊಂಡು ಈಶಾಳ ಮನೆ ಕಡೆ ಸರಸರನೆ ನಡೆದಳು. "ಶಿವಾನೀ, ಡೋಂಟ್!" ಎನ್ನುತ್ತಾ ಈಶಾ ಹಿಂದೆ ಓಡಿಬಂದಳು. ಮಾಟಗಾತಿಯ ಟೋಪಿ ಬಿದ್ದು, ಅದನ್ನು ಎತ್ತಿಕೊಳ್ಳಲು ತಿರುಗಿ ಹೋಗಬೇಕಾಯಿತು.

ಪುರುಷೋತ್ತಮ ತಾತ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ತಲೆಗೆ ಉಲ್ಲನ್ ಟೋಪಿ, ತೊಡೆಯ ಮೇಲೆ ದೊಡ್ಡ ಸ್ಟೀಲಿನ ಬೋಗುಣಿ ತುಂಬಾ ಚಾಕೊಲೇಟು. ಅವರು ಬಹಳ ಹಿಂದೆ ಮೈಸೂರಿನಿಂದ ಬಂದ ಡಾಕ್ಟರು, ಈಗ ರಿಟೈರ್ಡ್. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಎಲ್ಲರೂ ಅವರಿಗೆ ಮುಂದಿನ ಸಾಲಿನ ಸೀಟು ಬಿಡುತ್ತಾರೆ. ಶಿವಾನಿಯ ಪಪ್ಪ ಅವರ ಎದುರು ಕೂರುವುದೂ ಇಲ್ಲ, ನಿಂತೇ ಮಾತಾಡುತ್ತಾನೆ.

"ಬನ್ನಿ, ಬನ್ನಿ!" ಎಂದರು ತಾತ ಸಂಭ್ರಮದಿಂದ. "ಏನಿದು, ರೈಲು ಇಷ್ಟು ಬೇಗ ವಾಪಸ್ ಬಂತು? ತಗೋಳಪ್ಪ, ಎರಡು ತಗೋ."

ಬಸವೇಶ ಕೈ ಚಾಚಿದ. ಆಮೇಲೆ ಅಕ್ಕನ ಮುಖ ನೋಡಿ ಕೈ ಹಿಂದೆ ತೆಗೆದ.

ಶಿವಾನಿ ತನ್ನ ಚೀಲದೊಳಗಿಂದ ಆ ದೊಡ್ಡ ಬಾರನ್ನು ತೆಗೆದು ಬೋಗುಣಿಯಲ್ಲಿಟ್ಟಳು.

"ಇದ್ಯಾಕಮ್ಮಾ?"

"ಇದು ಈ ಓಣಿ ಹುಡುಗರದು ಅಂತ ಅಜ್ಜಾ. ನಾ ಈ ಓಣಿಯಾಕಿ ಅಲ್ಲ."

ತಾತ ಕನ್ನಡಕ ಮೇಲಕ್ಕೆ ತಳ್ಳಿದರು. ಹಿಂದೆ ಏದುಸಿರು ಬಿಡುತ್ತಾ ನಿಂತ ಮೊಮ್ಮಗಳನ್ನು ನೋಡಿದರು. ಅವರಿಗೆ ಅರ್ಥವಾಯಿತು.

"ಅಯ್ಯೋ, ಅದು ನಿನಗಲ್ಲ ಮಗು. ನೀನು ಈಶಾ ಫ್ರೆಂಡು. ನಮ್ಮವಳು. ನಿನಗೆ ಯಾರು ಬೇಡ ಅಂತಾರೆ?"

"ಅಲ್ಲಿ ಒಬ್ರು ಅಂದ್ರು. ತಮ್ಮಗ ಕೊಡಲಿಲ್ಲ." ಶಿವಾನಿ ಕಣ್ಣಿನ ಕಪ್ಪು ಪಟ್ಟಿಯನ್ನು ಹಣೆಗೆ ಏರಿಸಿದಳು. ಒಂದೇ ಕಣ್ಣಲ್ಲಿ ನೋಡಿಕೊಂಡು ಜಗಳವಾಡಲು ಅವಳಿಗೆ ಆಗುತ್ತಿರಲಿಲ್ಲ. "ನಮ್ಮ ಬಿಲ್ಡಿಂಗಿನ್ಯಾಗ ಅಮೀನಾ ಇದ್ದಾಳ, ಮಿಗೆಲ್ ಇದ್ದಾನ. ಇಬ್ರೂ ನಮ್ಮ ಕ್ಲಾಸೇ. ಅವ್ರಿಗೆ ಕನ್ನಡ ಬರಂಗಿಲ್ಲ. ಅವ್ರು ಬಂದ್ರ ಕೊಡ್ತೀರೇನು?"

ತಾತ ಬೋಗುಣಿಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ನೋಡಮ್ಮ" ಎಂದರು. ಚಿಕ್ಕ ಮಕ್ಕಳಿಗೆ ಇಂಜೆಕ್ಷನ್ ಕೊಡುವ ಮೊದಲು ಡಾಕ್ಟರುಗಳು ಮಾತಾಡುವ ದನಿ ಅದು. "ಹೋದ ವರ್ಷ ಎಲ್ಲಾ ಬೇಗ ಖಾಲಿ ಆಗೋಯ್ತು. ಇಲ್ಲಿನ ಮಕ್ಕಳಿಗೇ ಸಿಗಲಿಲ್ಲ. ಎಲ್ಲರಿಗೂ ಕೊಡ್ತಾ ಹೋದ್ರೆ ಮುಗಿದುಹೋಗಲ್ವಾ?"

"ಮುಗದ್ರ ಮುಗೀಲಿ! ಲೈಟ್ ಆರಿಸಿ ಒಳಗ ಹೋಗ್ರಿ. ಲೈಟ್ ಆರಿದ್ರ ಯಾರೂ ಬರಂಗಿಲ್ಲ, ಅದು ಎಲ್ಲಾರ್ಗೂ ಗೊತ್ತದ. ಲೈಟ್ ಹಚ್ಚಿಟ್ಟು, ಮನಿಗೆ ಕರದು, ಆಮ್ಯಾಲೆ ಎಲ್ಲಿಂದ ಬಂದಿ ಅಂತ ಕೇಳಬಾರದು!"

"ಶಿವಾನೀ!" ಎಂದಳು ಈಶಾ. ಅವಳ ಮನೆಯಲ್ಲಿ ತಾತನಿಗೆ ಯಾರೂ ಹೀಗೆ ಎದುರುತ್ತರ ಕೊಡುತ್ತಿರಲಿಲ್ಲ.

"ನಿಮ್ಮಪ್ಪನ ಹತ್ರನೂ ಹೀಗೇ ಮಾತಾಡ್ತೀಯಾ?" ತಾತನ ದನಿ ಗಡುಸಾಗಿತ್ತು.

ಪಪ್ಪನಿಗೆ ಗೊತ್ತಾದರೆ ಏನಾಗುತ್ತದೋ ಶಿವಾನಿಗೆ ಗೊತ್ತಿರಲಿಲ್ಲ. ಆದರೂ ಅವಳು ತಲೆ ತಗ್ಗಿಸಲಿಲ್ಲ.

"ಹೌದ್ರಿ" ಎಂದಳು.

ಆಗಲೇ ಮನೆಯ ಮುಂದೆ ಹಳೆಯ ನೀಲಿ ವ್ಯಾನೊಂದು ಬಂದು ನಿಂತಿತು. ಬಾಗಿಲು ಜಾರಿ ತೆರೆದು ಮಕ್ಕಳು ಒಬ್ಬರ ಹಿಂದೆ ಒಬ್ಬರು ಇಳಿದರು. ಒಂದು ಜೇನುಹುಳ, ಒಬ್ಬ ಫೈರ್‌ಮನ್, ಬೆಡ್‌ಶೀಟ್ ಹೊದ್ದ ಪುಟ್ಟ ದೆವ್ವ. ಕೊನೆಗೆ ಯಾವ ವೇಷವೂ ಇಲ್ಲದ ಒಬ್ಬ ಎತ್ತರದ ಹುಡುಗ. ಅವನು ದೆವ್ವ ಎಡವದಂತೆ ಬೆಡ್‌ಶೀಟಿನ ತುದಿ ಎತ್ತಿ ಹಿಡಿದುಕೊಂಡಿದ್ದ. ಅವರಾರನ್ನೂ ಶಿವಾನಿ ಯಾವತ್ತೂ ನೋಡಿರಲಿಲ್ಲ.

"ಟ್ರಿಕ್ ಆರ್ ಟ್ರೀಟ್!"

ತಾತ ಬೋಗುಣಿ ಹಿಡಿದು ಎದ್ದು ನಿಂತರು. ಶಿವಾನಿ ಪಕ್ಕಕ್ಕೆ ಸರಿದಳು. ಅವಳು ತಾತನ ಬಾಯನ್ನೇ ನೋಡುತ್ತಿದ್ದಳು.

"ವೇರ್ ಡು ಯೂ..." ಎಂದರು ತಾತ.

ಎತ್ತರದ ಹುಡುಗನ ಮುಖ ತಟ್ಟನೆ ಬಿಗಿಯಾಯಿತು. ಈ ಪ್ರಶ್ನೆ ಅವನಿಗೆ ಆಗಲೇ ಪರಿಚಯವಾಗಿತ್ತು ಅನ್ನಿಸುತ್ತದೆ. ಅವನು ದೆವ್ವದ ಭುಜ ಹಿಡಿದು ಹಿಂದಕ್ಕೆ ತಿರುಗಿಸಿಯೇಬಿಟ್ಟ.

ತಾತ ಕೆಮ್ಮಿದರು.

"ವಿಚ್ ಒನ್ ಡು ಯೂ ವಾಂಟ್?" ಎಂದು ಬೋಗುಣಿಯನ್ನು ಮುಂದಕ್ಕೆ ಚಾಚಿದರು.

ದೆವ್ವ ಬೆಡ್‌ಶೀಟಿನೊಳಗಿಂದ ಪುಟ್ಟ ಕೈ ಹೊರಗೆ ಹಾಕಿ ತಡಕಾಡಿತು. ಶಿವಾನಿಯ ದೊಡ್ಡ ಬಾರೇ ಅದಕ್ಕೆ ಸಿಕ್ಕಿದ್ದು. ಎತ್ತರದ ಹುಡುಗ ತನಗೆ ಬೇಡ ಎಂದು ತಲೆಯಾಡಿಸಿದ. ತಾತ ಅವನ ಜೇಬಿಗೇ ಎರಡು ಹಾಕಿದರು.

ಅವರು ಹೋಗುವಷ್ಟರಲ್ಲಿ ಇನ್ನೊಂದು ಕಾರು ಬಂತು. ಅದರ ಹಿಂದೆ ತಾಯಂದಿರಿಬ್ಬರು ಮಕ್ಕಳ ಗುಂಪನ್ನೇ ನಡೆಸಿಕೊಂಡು ಬಂದರು. ತಾತ ಯಾರನ್ನೂ ಏನೂ ಕೇಳಲಿಲ್ಲ. ಬಸವೇಶನೂ ಸಾಲಿನಲ್ಲಿ ನುಸುಳಿ ಎರಡು ತೆಗೆದುಕೊಂಡು, ಅಕ್ಕನನ್ನು ನೋಡದೆ ಮೆಟ್ಟಿಲ ಮೇಲೆ ಕೂತ. ಕೂರಲು ಡಬ್ಬ ಬಿಡಲಿಲ್ಲ. ರೈಲನ್ನು ಕಳಚಿಟ್ಟು ಕೂತ.

"ಡಾಕ್ಟರ್!" ಎಂದು ಎದುರು ಕಡೆಯಿಂದ ಯಾರೋ ಕೂಗಿದರು. ಆ ಅಸ್ಥಿಪಂಜರದ ಟೀ ಶರ್ಟಿನವನು. ಅವನು ತನ್ನ ಹುಲ್ಲುಹಾಸಿನ ಮೇಲೆ ನಿಂತಿದ್ದ. "ನಾವೆಲ್ಲ ಸೇರಿ ಒಪ್ಪಿಕೊಂಡಿದ್ದೆವಲ್ಲ? ನೀವೇ ತಾನೇ ಹೇಳಿದ್ದು?"

ಬೀದಿಯಲ್ಲಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು. ಆ ಬಿಳಿಗೂದಲಿನ ಹೆಂಗಸೂ ಬಾಗಿಲಿಗೆ ಬಂದು ನಿಂತರು.

"ಹೌದು, ಹೇಳಿದ್ದೆ!" ಎಂದು ತಾತ ಇಂಗ್ಲಿಷಿನಲ್ಲಿ ಕೂಗಿ ಹೇಳಿದರು. "ಈಗ ಇಲ್ಲ ಅಂತ ಹೇಳ್ತಾ ಇದ್ದೀನಿ!"

ಆ ಮನುಷ್ಯ ಏನೋ ಗೊಣಗಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅದರ ಸದ್ದು ಇಲ್ಲಿಯ ತನಕ ಕೇಳಿಸಿತು.

ಶಿವಾನಿಗೆ ಜೋರಾಗಿ ನಗಬೇಕು, ಕುಣಿಯಬೇಕು ಅನ್ನಿಸಬೇಕಿತ್ತು. ಹಾಗೆ ಆಗಲಿಲ್ಲ. ಅವಳು ತಾತನ ಕಿವಿ ನೋಡಿದಳು. ಉಲ್ಲನ್ ಟೋಪಿಯ ಕೆಳಗೆ ಅವು ಕೆಂಪಾಗಿದ್ದವು. ಮಮ್ಮಿ ಬಂದರೆ ತಾನು ಹಳಿ ದಾಟಿ ಮನೆಗೆ ಹೋಗಿಬಿಡಬಹುದು. ತಾತ ಮಾತ್ರ ನಾಳೆ ಬೆಳಿಗ್ಗೆ ಮೇಪಲ್ ಎಲೆ ಗುಡಿಸಲು ಹೊರಗೆ ಬಂದಾಗ ಈ ಮನೆಗಳ ನಡುವೆಯೇ ನಿಂತಿರುತ್ತಾರೆ.

ಈಶಾ ಮೆಲ್ಲಗೆ ಪಕ್ಕಕ್ಕೆ ಬಂದು ನಿಂತಳು.

"ಆರ್ ಯೂ ಮ್ಯಾಡ್ ಅಟ್ ಮೀ?"

"ಹೂಂ."

"ಇನ್ನೂ?"

ಶಿವಾನಿ ಯೋಚಿಸಿದಳು. "ಸ್ವಲ್ಪ."

ಈಶಾ ತಲೆಯಾಡಿಸಿದಳು. ಸ್ವಲ್ಪವಾದರೆ ಪರವಾಗಿಲ್ಲ ಎಂಬಂತೆ ಅವಳ ಟೋಪಿ ಮುಂದಕ್ಕೆ ವಾಲಿತು.

ಲೇಕ್ ಕಡೆಯಿಂದ ಗಾಳಿ ಬೀಸಿತು. ಬೀದಿಯ ಆ ತುದಿಯಿಂದ ಇನ್ನೊಂದು ಗುಂಪು ಗಲಾಟೆ ಮಾಡುತ್ತಾ ಬರುತ್ತಿತ್ತು. ತಾತ ಬೋಗುಣಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

ಶಿವಾನಿ ಅವರ ಹತ್ತಿರ ಹೋಗಿ ಬೋಗುಣಿಯ ಇನ್ನೊಂದು ಅಂಚು ಹಿಡಿದುಕೊಂಡಳು. ಸ್ಟೀಲು ಮಂಜುಗಡ್ಡೆಯ ಹಾಗೆ ತಣ್ಣಗಿತ್ತು.

ತಾತ ಅವಳತ್ತ ನೋಡಲಿಲ್ಲ. "ಭಾರ ಇದೆ, ಗಟ್ಟಿಯಾಗಿ ಹಿಡ್ಕೋ" ಎಂದರು.

"ಹಿಡದೀನ್ರಿ ಅಜ್ಜಾ" ಎಂದಳು ಶಿವಾನಿ.